ಒಂದು ಮಾತಿಗೆ ಹತ್ತು ಮಂದಿಯ ಊಟ

ಮ್ಹಾಪಸಾ, ಗೋವಾ
6 ಸೆಪ್ಟೆಂಬರ್ 2025

ಬುಶ್ರಾ,

ನಿಮ್ಮ ಅಬ್ಬಾ ಬರಿಯೂ ಕಾಗದ. ಗಾಬರಿ ಆಗಬ್ಯಾಡ, ಮನ್ಯಾಗ ಯಾರಿಗೂ ಏನೂ ಆಗಿಲ್ಲ. ಭರಮಪ್ಪ ಡ್ರೈವರ್ ಕೈಯಾಗ ಕೊಟ್ಟು ಕಳಸಾಕತ್ತೇನಿ. ಅವನ ಬಸ್ಸು ಸಂಜಿಗೆ ಇಲ್ಲಿಂದ ಬಿಟ್ರ ಮುಂಜಾನೆ ವಿಜಯಪುರ. ನೀ ವಾರ್ಡನ್ ಇರೂ ಹಾಸ್ಟೆಲ್ ಅವನ ಹಾದ್ಯಾಗ ಐತಂತ, ನಿಲ್ಲಿಸಿ ಕೊಡ್ತೇನಿ ಅಂದಾನ. ನೀನೂ ಬರಿಯೂದಿದ್ರ ಅವನ ಕೈಯಾಗ ಕೊಡು.

ಫೋನ್ ಬಿಟ್ಟು ಕಾಗದ ಯಾಕ ಅಂತಿ? ನಾ ನಿನ್ನ ಜೊತಿ ಮಾತಾಡೂ ಹಂಗಿಲ್ಲ. ರಂಜಾನಿನಾಗ ನೀ ಫೋನ್ ಮಾಡಿ, "ಅಬ್ಬಾ, ನಾ ಈ ವರ್ಷ ರೋಜಾ ಹಿಡದಿಲ್ಲ, ನಮಾಜೂ ಬಿಟ್ಟೀನಿ. ಅಲ್ಲಾ ಅದಾನ ಅಂತ ನನಗ ಅನಸೂದಿಲ್ಲ" ಅಂದಿ. ನನಗ ರಕ್ತ ಎಲ್ಲಾ ತಲಿಗೇರಿತು. "ಅಲ್ಲಾನ ಕಸಮ್, ನೀ ಮತ್ತ ಕಲ್ಮಾ ಓದೂತನಕ ನಿನ್ನ ಜೊತಿ ಒಂದು ಮಾತೂ ಆಡೂದಿಲ್ಲ" ಅಂದು ಫೋನ್ ಇಟ್ಟೆ. ಅಂದ ಮ್ಯಾಲೆ ಮುಗೀತು, ಕಸಮ್ ಅಂದ್ರ ಕಸಮ್. ಬಕ್ರೀದಕ್ಕ ನೀ ಬಂದಾಗ ನಾ ಗ್ವಾಡಿ ಕಡಿ ಮಾರಿ ಮಾಡಿ ನಿಮ್ಮಮ್ಮಿಗೆ "ಆಕಿಗಿ ಚಾ ಕೊಡು, ಆಕಿ ಉಂಡಾಳೇನು ಕೇಳು" ಅನ್ನಕೋತ ಕುಂತೆ. ಇದ್ದ ಖೋಲಿ ಒಂದು. ಹುಚ್ಚರ ಸಂಸಾರ ಆಗಿತ್ತು ನೋಡು.

ಮೊನ್ನೆ ಮೌಲಾನಾ ಸಾಹೇಬರನ್ನ ಕೇಳಿದೆ. ಮಾತಾಡೂದಿಲ್ಲ ಅಂತ ಕಸಮ್ ತಿಂದಾವಾ ಕಾಗದ ಬರದ್ರ ಕಸಮ್ ಮುರಿಯೂದಿಲ್ಲ ಅಂದ್ರು. ಇದು ಮೊದಲs ಹೊಳೀಬಾರದಾ ನನ್ನ ಮಂಗ್ಯಾನಂಥಾ ತಲಿಗೆ!

ಈಗ ಖರೇ ಹೇಳು. ಯಾವನರೆ ಹುಡುಗ ಅದಾನೇನು? ಅವನ ಸಲುವಾಗಿ ಹಿಂಗೆಲ್ಲಾ ಅಂದಿ ಏನು?

ನಿನ್ನೆ ಶುಕ್ರವಾರ ಸಂತಿ ಚಲೋ ಆತು. ಬಳ್ಳೊಳ್ಳಿ ಎಲ್ಲಾ ಖಾಲಿ, ಮೆಣಸಿನಕಾಯಿ ಒಂದಿಷ್ಟು ಉಳೀತು. ಕೂಗಿ ಕೂಗಿ ಗಂಟಲ ಕೂತೈತಿ, ಮಳಿ ಹವಾ. ಸಲಾಂ ಬರೀಬೇಕೋ ಬ್ಯಾಡೋ ತಿಳೀಲಿಲ್ಲ, ಅದಕ್ಕ ಬಿಟ್ಟೀನಿ.

ಗೂಡುಸಾಬ


ವಿಜಯಪುರ
10 ಸೆಪ್ಟೆಂಬರ್ 2025

ಅಬ್ಬಾ,

ನೀವು ಬರೆಯದಿದ್ದರೂ ನಾನು ಬರೆಯುತ್ತೇನೆ: ಅಸ್ಸಲಾಮು ಅಲೈಕುಂ. ನಿಮ್ಮ ಮೇಲೆ ಶಾಂತಿ ಇರಲಿ ಎಂದು ಹಾರೈಸುವುದಕ್ಕೆ ನನಗೇನೂ ಅಡ್ಡಿಯಿಲ್ಲ.

ಭರಮಪ್ಪ ಕಾಕಾ ಬಸ್ಸು ನಿಲ್ಲಿಸಿ, ಹಾರ್ನ್ ಹೊಡೆದು, "ವಾರ್ಡನ್ ಬಾಯಾರ, ಗೋವಾದಿಂದ ನಿಮ್ಮ ವಾರಂಟ್ ಬಂದೈತಿ" ಎಂದು ಕೂಗಿದರು. ಹಾಸ್ಟೆಲ್ಲಿನ ಹುಡುಗಿಯರೆಲ್ಲ ಕಿಟಕಿಗೆ ಬಂದು ನಿಂತಿದ್ದರು. ನಿಮ್ಮ ಅಕ್ಷರ ನೋಡಿ ನಾನು ಅಲ್ಲಿಯೇ ಅತ್ತುಬಿಟ್ಟೆ. ಈಗ ಹಾಸ್ಟೆಲ್ಲಿಗೆಲ್ಲ ನನ್ನ ಮರ್ಯಾದೆ ಗೊತ್ತಾಯಿತು.

ಹುಡುಗನೂ ಇಲ್ಲ, ಹುಣಸೆಕಾಯಿಯೂ ಇಲ್ಲ. ಯಾರೂ ನನ್ನ ತಲೆ ಕೆಡಿಸಿಲ್ಲ. ನಮಾಜಿಗೆ ನಿಂತಾಗ ಆ ಕಡೆಯಿಂದ ಯಾರೋ ಕೇಳುತ್ತಿದ್ದಾರೆ ಎಂದು ಚಿಕ್ಕಂದಿನಲ್ಲಿ ಅನಿಸುತ್ತಿತ್ತು. ಆಮೇಲೆ ಆಮೇಲೆ ಅನಿಸುವುದು ನಿಂತಿತು. ಮತ್ತೆ ಅನಿಸಲಿ ಎಂದು ಎಷ್ಟೋ ದಿನ ಸುಮ್ಮನೆ ನಿಂತೆ, ಬಾಗಿದೆ, ಎದ್ದೆ. ಆಗಲಿಲ್ಲ. ಅನಿಸದೆಯೂ ಅನಿಸಿದಂತೆ ಮಾಡುವುದು ಬೇಜಾರಾಗಿ ಬಿಟ್ಟೆ. ನಿಮ್ಮಿಂದ ಮುಚ್ಚಿಡುವುದು ಬೇಡವೆಂದು ಹೇಳಿದೆ, ಅಷ್ಟೇ.

ಅಮ್ಮಿ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಕಲ್ಮಾ ಏನು ಪುರಾಣ ಓದಿದಂಗ ಐತೇನು? ಬಾಯಿಲೆ ಅಂದುಬಿಡು, ನಿಮ್ಮ ಅಬ್ಬಾ ಮಾತಾಡ್ತಾರ." ನನಗೆ ಬಾಯಿಪಾಠ ಇದೆ, ನೀವೇ ಕಲಿಸಿದ್ದು. ಅಲ್ಲಾನ ಬಿಟ್ಟು ಬೇರೆ ದೇವರಿಲ್ಲ ಎನ್ನುವುದು ಒಂದು ಉಸಿರಿನ ಕೆಲಸ. ಆದರೆ ನಂಬದೆ ಅಂದರೆ ಅದು ನಿಮಗೆ ಮಾಡುವ ಮೋಸ. ಬೇಕೆಂದರೆ ಹೇಳಿ, ನಿಮಗೋಸ್ಕರ ಅದನ್ನೂ ಮಾಡುತ್ತೇನೆ.

ನನಗೆ ನಿಮ್ಮ ದನಿ ಬೇಕು ಅಬ್ಬಾ. ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತ "ಲೊಸೂಣ್, ಲೊಸೂಣ್" ಎಂದು ಕೂಗುವ ದನಿ, ನಸುಕಿನ ನಮಾಜಿಗೆ ಬಾಂಗ್ ಕೊಡುವ ದನಿ. ಬೈಗುಳವಾದರೂ ನಡೆಯುತ್ತದೆ.

ನಿಮ್ಮ ಬುಶ್ರಾ


ಮ್ಹಾಪಸಾ
20 ಸೆಪ್ಟೆಂಬರ್ 2025

ಬುಶ್ರಾ,

ಸಲಾಂ. ತಗೊಳ್ಳೂದು ಬಿಡೂದು ನಿನ್ನ ಕಡಿ.

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಿನಾಗ ಇದ್ದೆ. ನಂಬದs ಕಲ್ಮಾ ಓದ್ತಾಳಂತ, ನನ್ನ ಸಲುವಾಗಿ! ನಾ ಏನು ಪೀರನಾ ಫಕೀರನಾ, ನನ್ನ ಸಲುವಾಗಿ ಕಲ್ಮಾ ಓದಾಕ? ಬ್ಯಾಡ. ಸುಳ್ಳು ಕಲ್ಮಾ ನನಗೂ ಬ್ಯಾಡ, ಅವನಿಗೂ ಬ್ಯಾಡ. ನೀ ಸಣ್ಣಾಕಿದ್ದಾಗ ತಕ್ಕಡ್ಯಾಗ ಬಳ್ಳೊಳ್ಳಿ ಇದ್ದ ಕಡಿ ಒತ್ತಿ ಹಿಡದಿದ್ದಿ, ನಾ ಗಿರಾಕಿ ಮುಂದನ ನಿನ್ನ ಕೈಗೆ ಹೊಡದಿದ್ದೆ, ನೆನಪೈತೇನು? ಹಂಗ ಕಲಿಸಿದಾವಾ ಈಗ ಸುಳ್ಳು ಹೇಳು ಅಂತ ಹೆಂಗ ಅನ್ಲಿ? ನಿಮ್ಮಮ್ಮಿಗೂ ಹೇಳೀನಿ, ಆಕಿನ್ನ ಕಾಡಬ್ಯಾಡ ಅಂತ.

ಹುಡುಗ ಇಲ್ಲ ಅಂದಿ. ಇದ್ದಿದ್ರ ಒಂದು ದಾರಿ ಸಿಗತಿತ್ತು, ಅವನಿಗೆ ಬೈಬಹುದಿತ್ತು. ಈಗ ಯಾರಿಗೆ ಬೈಲಿ?

ನೀ ಖರೇ ಬರದಿ ಅಂತ ನಾನೂ ಹೇಳ್ತೇನಿ. ನನಗೂ ದಿನಾ ಅನಸೂದಿಲ್ಲ. ಸಂತಿ ದಿನ ಜುಮ್ಮಾ ನಮಾಜಿನಾಗ ನಿಂತ್ರ ಬಳ್ಳೊಳ್ಳಿ ಮ್ಯಾಲೆ ತಾಡಪತ್ರಿ ಹಾಕೀನೋ ಇಲ್ಲೋ ಅಂತ ಚಿಂತಿ. ಅನಸದಿದ್ರೂ ನಿಂದ್ರತೇನಿ. ಅನಸಿದಾಗ ಅಷ್ಟ ನಿಂದ್ರೂದು ಅಂದ್ರ ಅದೇನು ಚಾ ಕುಡದಂಗೇನು? ಇದನ್ನ ನಿನ್ನ ಎದುರಿಗೆ ಕುಂತು ಜಗಳಾಡಬೇಕಿತ್ತು. ಕಾಗದದಾಗ ಜಗಳದ ರುಚಿ ಹತ್ತೂದಿಲ್ಲ.

ಬಾಂಗ್ ಈಗ ಬ್ಯಾರೆಯವ್ರು ಕೊಡಾಕತ್ತಾರ. ನನಗೂ ವಯಸ್ಸಾತು, ಚುಮುಚುಮು ನಸುಕಿನಾಗ ಏಳೂದು ಆಗೂದಿಲ್ಲ. ಬಾಕಿ ಎಲ್ಲಾ ಆರಾಮ.

ಅಬ್ಬಾ


ವಿಜಯಪುರ
25 ಸೆಪ್ಟೆಂಬರ್ 2025

ಅಬ್ಬಾ,

ಸಲಾಂ ತೆಗೆದುಕೊಂಡೆ.

ನೀವು ಸುಳ್ಳು ಹೇಳಬಾರದು ಎಂದು ಬರೆದ ಕಾಗದದ ಕೊನೆಯಲ್ಲೇ ಸುಳ್ಳು ಬರೆದಿದ್ದೀರಿ. ಭರಮಪ್ಪ ಕಾಕಾ ಎಲ್ಲ ಹೇಳಿದರು. "ನಿಮ್ಮಪ್ಪ ಮಾತಾಡಿದ್ರ ಮುರುಕ ಬಾಗಲ ಎಳದಂಗ ಕೇಳಸ್ತೈತಿ ತಂಗಿ. ಸಂತ್ಯಾಗ ನಿಮ್ಮವ್ವ ಕೂಗತಾಳ, ಅವರು ಬರೇ ತೂಗತಾರ. ದೊಡ್ಡ ದವಾಖಾನಿಗೆ ಹೋಗಿ ಬಂದಾರ" ಎಂದರು. ಅವರು ಹೇಳಿದ್ದಕ್ಕೆ ಅವರ ಮೇಲೆ ಕೂಗಾಡಬೇಡಿ. ಕೂಗಾಡಲು ಆಗುವುದಿಲ್ಲ ಎಂದು ಈಗ ಗೊತ್ತಾಗಿದೆ.

ಅಮ್ಮಿಗೆ ಫೋನ್ ಮಾಡಿದರೆ "ಹೇಳಬ್ಯಾಡ ಅಂದಾರವ್ವ" ಎಂದು ಅಳುತ್ತಾಳೆ. ನನ್ನೊಡನೆ ಮಾತು ಬಿಟ್ಟಿದ್ದೀರಿ, ಸರಿ. ಕಾಯಿಲೆಯನ್ನೂ ಮುಚ್ಚಿಡುತ್ತೇನೆ ಎಂದು ಕಸಮ್ ತಿಂದಿದ್ದೀರೇನು?

ಏನಾಗಿದೆ ಬರೆಯಿರಿ. ಇಲ್ಲದಿದ್ದರೆ ಅದೇ ಬಸ್ಸು ಹತ್ತಿ ಬರುತ್ತೇನೆ.

ಬುಶ್ರಾ


ಮ್ಹಾಪಸಾ
1 ಅಕ್ಟೋಬರ್ 2025

ಮಗಳ, ಸಲಾಂ.

ಭರಮಪ್ಪನ ಬಾಯಿ ಗೊತ್ತಿದ್ದೂ ಅವನ ಕೈಯಾಗ ಕಾಗದ ಕೊಟ್ಟೆ. ನನ್ನ ಕರ್ಮ.

ಗಂಟಲದಾಗ ಗಂಟು. ಕೆಟ್ಟ ಗಂಟು. ದನಿ ಹೊಂಡೂ ಜಾಗಾನ ಕೊಯ್ದು ತೆಗೀಬೇಕಂತ. ದೀಪಾವಳಿ ಆದ ಮ್ಯಾಲೆ, ಇಪ್ಪತ್ತೆಂಟಕ್ಕ ಆಪರೇಶನ್. ಜೀವ ಉಳೀಬಹುದು ಅಂತಾರ ಡಾಕ್ಟರ್, ದನಿ ಮಾತ್ರ ಉಳಿಯೂದಿಲ್ಲ. ಕುತ್ತಿಗ್ಯಾಗ ತೂತು ಮಾಡ್ತಾರ, ಅದರಾಗಿಂದ ಉಸರು. ನಿಮ್ಮಮ್ಮಿ ಬೀಡಿ ಬಿಡು ಅಂತ ಎಷ್ಟು ಬಡಕೊಂಡಳು. ಈಗ ಆಕಿಗಿ ಉತ್ತರಾ ಕೊಡಾಕೂ ದನಿ ಇರೂದಿಲ್ಲ, ಗೆದ್ದಳು.

ನನಗ ಹೆದರಿಕಿ ಆಗೈತಿ ಬುಶ್ರಾ. ಸಾಯೂದಕ್ಕಲ್ಲ. ದನಿ ಹೋಗೂದರಾಗ ನಿನ್ನ ಜೊತಿ ಒಂದು ಸಲ ಮಾತಾಡಬೇಕು. ಅದೊಂದ ಆಸೆ. ಆದ್ರ ಕಸಮ್ ಐತಿ.

ಕಸಮ್ ಮುರಿಯಾಕ ಬರತೈತಿ. ಮುರದ್ರ ಕಫಾರಾ ಕೊಡಬೇಕು. ಕಫಾರಾ ಅಂದ್ರ ತಪ್ಪಿಗೆ ತೆತ್ತುಕೊಳ್ಳೂದು, ಹತ್ತು ಮಂದಿ ಬಡವರಿಗೆ ಹೊಟ್ಟಿ ತುಂಬ ಊಟ. ಅದು ಆಗದಿದ್ದವರು ರೋಜಾ ಹಿಡೀಬೇಕು. ನನಗೀಗ ನೀರು ನುಂಗೂದ ತ್ರಾಸ, ಡಾಕ್ಟರ್ ಉಪಾಸ ಬ್ಯಾಡ ಅಂದಾರ. ನಿಮ್ಮಮ್ಮಿ ನನ್ನ ಜೊತಿ ದವಾಖಾನ್ಯಾಗ ಇರಾಕಿ, ಅಡಗಿ ಮಾಡಿ ಹಾಕಾವ್ರು ಯಾರು? ಆಪರೇಶನ್‌ದಾಗ ಹೋಗಿಬಿಟ್ಟೆ ಅಂದ್ರ ಮುರದ ಕಸಮ್ ತಲಿ ಮ್ಯಾಲೆ ಹೊತಗೊಂಡು ಅವನ ಮುಂದ ನಿಂದ್ರಬೇಕು. ಅದಕ್ಕ ಧೈರ್ಯ ಇಲ್ಲ.

ನೀ ಬರಬ್ಯಾಡ. ಬಂದು ಎದುರಿಗೆ ಕುಂತ್ರ ನಾ ಮತ್ತ ಗ್ವಾಡಿ ನೋಡಬೇಕು. ಹ್ವಾದ ಸಲದ್ದ ಇನ್ನೂ ಮರತಿಲ್ಲ ನಾ.

ಅಬ್ಬಾ


ವಿಜಯಪುರ
8 ಅಕ್ಟೋಬರ್ 2025

ಅಬ್ಬಾ, ಸಲಾಂ. ಕೆಲಸ ಆಯಿತು!

ನಿಮ್ಮ ಕಾಗದ ಓದಿ ಬಹಳ ಅತ್ತೆ. ಅತ್ತು ಮುಗಿಸಿ ಯೋಚಿಸಿದರೆ, ಇಷ್ಟಕ್ಕೇನಾ ನೀವು ಹೆದರಿ ಕೂತಿರುವುದು ಎನಿಸಿತು. ಹತ್ತು ಮಂದಿಯ ಊಟ ತಾನೇ? ದಿನವೂ ಹಾಸ್ಟೆಲ್ಲಿನಲ್ಲಿ ಒಂದು ದಂಡಿಗೆ ಊಟ ಹಾಕಿಸುವವಳು ನಾನು.

ನಿನ್ನೆ ರಜೆ ಇತ್ತು. ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾಕ್ಕೆ ಹೋದೆ. ಕೆಲಸ ಸಿಗದೆ ಉಳಿದಿದ್ದ ಹೆಣ್ಣುಮಕ್ಕಳನ್ನು ಕರೆದೆ. ಮೊದಲು ನಂಬಲಿಲ್ಲ. "ಯಾವ ಪಾರ್ಟಿಯವ್ರು ರೀ? ಇಲೆಕ್ಷನ್ ಬಂತೇನ್ರಿ?" ಎಂದು ಕೇಳಿದರು. ಹತ್ತೂ ಮಂದಿಯನ್ನು ನನ್ನ ಕ್ವಾರ್ಟರ್ಸಿಗೆ ಕರೆತಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು, ಶಿರಾ ಮಾಡಿ ಬಡಿಸಿದೆ. ಅಡುಗೆಯವಳನ್ನು ಹತ್ತಿರ ಬಿಡಲಿಲ್ಲ, ಎಲ್ಲ ನನ್ನ ಕೈಯಿಂದಲೇ. ರೊಟ್ಟಿ ಬಡಿದು ಬಡಿದು ಅಂಗೈ ಕೆಂಪಾಗಿದೆ. ಜಾತಿ ಕೇಳಲಿಲ್ಲ, ನಿಮ್ಮಲ್ಲಿ ಆ ಲೆಕ್ಕ ಇದ್ದರೆ ನನಗೆ ಗೊತ್ತಿಲ್ಲ.

ಇದರಿಂದ ಯಾವ ಪುಸ್ತಕದಲ್ಲಿ ಏನು ಜಮಾ ಆಗುತ್ತದೋ, ನಾನು ನಂಬುವುದಿಲ್ಲ. ಆದರೆ ನಿಮ್ಮ ತಲೆಯ ಮೇಲಿನ ಭಾರ ಇಳಿಯಬೇಕು, ಅದು ನನಗೆ ಗೊತ್ತು.

ಈಗ ಮಾತಾಡಿ. ಈ ಕಾಗದ ಸಿಕ್ಕ ದಿನ ಸಂಜೆ ಫೋನ್ ಮಾಡುತ್ತೇನೆ. ಎತ್ತಿ.

ಬುಶ್ರಾ


ಮ್ಹಾಪಸಾ
11 ಅಕ್ಟೋಬರ್ 2025

ಮಗಳ, ಸಲಾಂ.

ನೀ ಫೋನ್ ಮಾಡಿದಿ, ನಾ ಎತ್ತಲಿಲ್ಲ. ಫೋನ್ ಬಡಕೊಳ್ಳಾಕತ್ತಿತ್ತು, ನಾ ಅದರ ಮುಂದ ಕುಂತು ಅಳಾಕತ್ತಿದ್ದೆ. ಸಿಟ್ಟಾಗಬ್ಯಾಡ, ಪೂರಾ ಓದು.

ನೀ ಮಾಡಿದ್ದು ಕಫಾರಾ ಆಗಲಿಲ್ಲ. ಮೌಲಾನಾ ಸಾಹೇಬರ ಕಡಿ ಓಡಿಹೋಗಿ ಕೇಳಿದೆ. ಮೊದಲು ಕಸಮ್ ಮುರೀಬೇಕು, ಆಮ್ಯಾಲೆ ಊಟ ಹಾಕಬೇಕು. ಮುರಿಯೂಕಿಂತ ಮೊದಲ ಹಾಕಿದ್ದು ಲೆಕ್ಕಕ್ಕ ಬರೂದಿಲ್ಲ, ಅದು ಬರೇ ಊಟ ಅಂದ್ರು. ಮತ್ತ ಒಂದು ಹೊತ್ತು ಸಾಲೂದಿಲ್ಲ, ಅವರs ಹತ್ತು ಮಂದಿಗೆ ಎರಡು ಹೊತ್ತು ಹಾಕಬೇಕಂತ. ಜಾತಿದು ಕೇಳಿದೆ, ಹಸದಾವ್ರು ಇದ್ರ ಸಾಕು ಅಂದ್ರು. ನನ್ನ ಪರವಾಗಿ ನೀ ಹಾಕಿದ್ರೂ ನಡೀತೈತಂತ, ನಾ ಒಪ್ಪಿಸಿರಬೇಕು ಅಷ್ಟ. ಅದೊಂದ ಪಾಸಾದಿ ನೋಡು. ಬಾಕಿ ಎಲ್ಲಾ ನಾಪಾಸ.

ನಿಮ್ಮಮ್ಮಿ ಅಂತಾಳ, "ಆಕಿ ಅಂಗೈ ಕೆಂಪಗ ಮಾಡ್ಕೊಂಡು ರೊಟ್ಟಿ ಬಡದಾಳ, ಅಲ್ಲಾಗ ಅದು ಕಾಣಸೂದಿಲ್ಲೇನ್ರಿ?" ಕಾಣಸ್ತೈತಿ. ಆದ್ರ ಕಾಯಿದೆ ಕಾಯಿದೆ. ನಾ ಹೆಂಗ ಬದಲಿ ಮಾಡ್ಲಿ?

ಒಂದು ಮಾತು ಹೇಳ್ತೇನಿ. ನಾ ಆ ಕಾಗದ ಮತ್ತ ಮತ್ತ ಓದೀನಿ. ಎಣ್ಣಿಗಾಯಿ ವಾಸನಿ ಇಲ್ಲೀತನಕ ಬಂತು.

ಅಬ್ಬಾ


ವಿಜಯಪುರ
14 ಅಕ್ಟೋಬರ್ 2025

ಅಬ್ಬಾ,

ಸಲಾಂ ಇಲ್ಲ ಇವತ್ತು. ಸಿಟ್ಟು ಬಂದಿದೆ.

ಉಂಡವರ ಹೊಟ್ಟೆ ತುಂಬಿದ್ದು ಸುಳ್ಳೇ? ಊಟ ಮೊದಲೋ ಮಾತು ಮೊದಲೋ ಎಂದು ಸಾಲು ಹಚ್ಚಿ ನಿಲ್ಲಿಸುವ ದೇವರು ಎಂಥವನು? ಇಂಥದ್ದಕ್ಕೇ ನಾನು ಬಿಟ್ಟಿದ್ದು ಎಂದು ಬರೆದು, ಆ ಹಾಳೆ ಹರಿದು, ಮತ್ತೆ ಬರೆಯುತ್ತಿದ್ದೇನೆ. ಯಾಕೆಂದರೆ ಅದಕ್ಕೇ ಬಿಟ್ಟಿದ್ದಲ್ಲ, ನಿಮಗೂ ಗೊತ್ತು. ನಿಮ್ಮ ಕಾಯಿದೆಯ ಮೇಲೆ ನನಗೆ ಸಿಟ್ಟು ಬರುತ್ತದೆ, ಆದರೆ ಕದ್ದು ಮುರಿಯದ ನಿಮ್ಮ ಮೇಲೆ ಬರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎಂದೋ ಫೋನ್ ಎತ್ತಿರುತ್ತಿದ್ದರು.

ಸರಿ, ನಿಮ್ಮ ದಾರಿಯಲ್ಲೇ ಬರುತ್ತೇನೆ. ನೀವು ಮೊದಲು ಮಾತಾಡಿ. ಆಮೇಲೆ ನಾನು ಹತ್ತು ಮಂದಿಗೆ ಎರಡು ಹೊತ್ತು ಊಟ ಹಾಕುತ್ತೇನೆ. ನೀವು ಆಪರೇಶನ್ನಿನಿಂದ ಎದ್ದು ಬಂದರೂ ಹಾಕುತ್ತೇನೆ, ಬರದಿದ್ದರೂ ಹಾಕುತ್ತೇನೆ. ಬರದಿದ್ದರೂ ಎಂದು ಬರೆಯಲು ಮನಸ್ಸಿರಲಿಲ್ಲ. ಆದರೆ ನಿಮ್ಮ ಹೆದರಿಕೆ ಅದೇ ತಾನೇ, ಅದಕ್ಕೆ ಬಾಯಿ ಬಿಟ್ಟು ಹೇಳಬೇಕು.

ತೊಂದರೆ ಒಂದೇ. ನೀವು ನನ್ನನ್ನು ಹೇಗೆ ನಂಬುತ್ತೀರಿ? ನೀವಾದರೆ ಅಲ್ಲಾನ ಕಸಮ್ ಎನ್ನುತ್ತೀರಿ, ಮುಗಿಯಿತು. ನಾನು ಯಾರ ಮೇಲೆ ಆಣೆ ಇಡಲಿ? ಮೊನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಿಮ್ಮ ತಲೆಯ ಮೇಲೆ ಇಡಲೇ? ಅಮ್ಮಿಯ ಮೇಲೆ? ನನ್ನ ಹತ್ತಿರ ಬೇರೆ ಯಾರೂ ಇಲ್ಲ ಅಬ್ಬಾ. ಮಾಡುತ್ತೇನೆ ಎಂಬ ಮಾತು ಮಾತ್ರ ಇದೆ. ಅದು ನಿಮಗೆ ಸಾಕಾಗದಿದ್ದರೆ ಕೊಡಲು ಇನ್ನೇನೂ ಇಲ್ಲ.

ಬುಶ್ರಾ


ಮ್ಹಾಪಸಾ
19 ಅಕ್ಟೋಬರ್ 2025

ಅಸ್ಸಲಾಮು ಅಲೈಕುಂ ಮಗಳ.

ಆಣಿ ಇಡಬ್ಯಾಡ. ನನ್ನ ತಲಿ ಮ್ಯಾಲಂತೂ ಇಡಲೇಬ್ಯಾಡ, ಅದು ನಮ್ಮಾಗ ನಡಿಯೂದಿಲ್ಲ.

ನೀ ನಂಬದs ಕಲ್ಮಾ ಓದಿ ಎಂದೋ ನನ್ನ ಬಾಯಿ ತೆಗಸಬಹುದಿತ್ತು. ನನಗೇನು ಗೊತ್ತಾಗತಿತ್ತು? ಖುಷಿಲೇ ಕುಣದಾಡತಿದ್ದೆ. ನೀ ಓದಲಿಲ್ಲ. ಒಂದು ಉಸರಿನ ಸುಳ್ಳು ಹೇಳದಾಕಿ ಹತ್ತು ಮಂದಿ ಊಟದಾಗ ಸುಳ್ಳು ಹೇಳ್ತೀ ಏನು?

ಬಸ್ಸಿನಾಗ ನಿನಗ ಮುಂದಿನ ಸೀಟು ಇಡಾಕ ಭರಮಪ್ಪಗ ಹೇಳೀನಿ. ಬಾ.

ಅಬ್ಬಾ


ಮ್ಹಾಪಸಾ
2 ನವೆಂಬರ್ 2025

ಅಬ್ಬಾ, ಅಸ್ಸಲಾಮು ಅಲೈಕುಂ.

ವಾರ್ಡಿನಲ್ಲಿ ಒಬ್ಬರನ್ನೇ ಬಿಡುತ್ತಾರೆ, ಆ ಒಬ್ಬರು ಅಮ್ಮಿ. ಅದಕ್ಕೇ ಇಷ್ಟು ಹತ್ತಿರವಿದ್ದೂ ಕಾಗದ. ಈಗ ನಾನು ಮಾತಾಡಿದರೂ ನೀವು ಬರೆದೇ ಉತ್ತರ ಕೊಡಬೇಕು, ಹಾಗಾಗಿ ಸರಿಸಮ.

ಆಪರೇಶನ್ನಿಗೆ ಮೊದಲು ನಾನು ಬಂದು ಬಾಗಿಲಲ್ಲಿ ನಿಂತ ಆ ದಿನ ನೆನಪಿದೆಯೇ? ನೀವು ಏನು ಹೇಳಬಹುದು ಎಂದು ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದ್ದೆ. ನೀವು ನನ್ನ ಮುಖ ನೋಡಿದಿರಿ, ಕಾಲು ನೋಡಿದಿರಿ. ಆ ಹರಿದ ದನಿಯಲ್ಲಿ "ಚಪ್ಪಲಿ ಹೊರಗ ಬಿಡು" ಎಂದಿರಿ. ಅಷ್ಟು ತಿಂಗಳ ಕಸಮ್ಮು ನನ್ನ ಚಪ್ಪಲಿಗೆ ಮುರಿಯಿತು! ಅಮ್ಮಿ ನಕ್ಕು ನಕ್ಕು ಅತ್ತಳು.

ಆಮೇಲೆ ನಾವು ಮಾಡಿದ್ದೇನು? ಜಗಳ. "ಅಲ್ಲಾ ಇದ್ರ ನಿಮ್ಮ ದನೀನ ಯಾಕ ಇಸಕೊಳ್ತಾನ?" ಎಂದೆ. "ಕೊಟ್ಟಾವಾ ಇಸಕೊಳ್ತಾನ, ನಿನ್ನ ಗಂಟೇನು ಹೋಗ್ತೈತಿ?" ಎಂದಿರಿ. ಚಹಾ ಆರಿತು, ಅಮ್ಮಿ ಮತ್ತೆ ಕಾಸಿದಳು, ಮತ್ತೆ ಆರಿತು. ಅಮ್ಮಿ "ದನಿ ಉಳಿಸ್ಕೋರಿ, ಡಾಕ್ಟರ್ ಹೇಳ್ಯಾರ" ಎಂದರೆ, "ಯಾವತ್ತಿಗೆ ಉಳಸ್ಲಿ ದಸ್ತಗೀರಬಿ?" ಎಂದಿರಿ. ಅದು ಕೇಳಿ ಅಮ್ಮಿ ಎದ್ದು ಒಲೆಯ ಕಡೆ ಹೋದಳು. ಆಮೇಲೆ ನೀವೇ ಮತ್ತೆ ಜಗಳ ತೆಗೆದಿರಿ. ನನ್ನನ್ನು ನೀವು ಒಪ್ಪಿಸಲಿಲ್ಲ. ನಾನು ನಿಮ್ಮನ್ನು ಒಪ್ಪಿಸಲಿಲ್ಲ. ಇದ್ದ ದನಿಯನ್ನೆಲ್ಲ ನನ್ನ ಮೇಲೆ ಖರ್ಚು ಮಾಡಿದಿರಿ ಅಬ್ಬಾ, ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಇವತ್ತು ಊಟ. ಪಕ್ಕದ ಖೋಲಿಯ ಸಾವಂತ್ರೆವ್ವ, ಕಟ್ಟಡದ ಕೆಲಸಕ್ಕೆ ಹೋಗುವವಳು, ತನ್ನ ಜೊತೆಯವರನ್ನು ಕರೆತಂದಳು. ಮಾರ್ಕೆಟ್ಟಿನ ಹಮಾಲರೂ ಬಂದರು. ಹತ್ತು ಜನ, ಎರಡು ಸಲ ಎಣಿಸಿದೆ. ಮಧ್ಯಾಹ್ನದ ಊಟ ಆಯಿತು. ರಾತ್ರಿಗೂ ಇವರೇ ಬರಬೇಕು ಎಂದು ಹೇಳಿದೆ, ಬೇರೆಯವರು ನಡೆಯುವುದಿಲ್ಲ ಎಂದು. "ಹಂಗ್ಯಾಕ್ರಿ ಅಕ್ಕಾರ?" ಎಂದರು. "ಕಾಯಿದೆ ಐತಿ" ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದಿದ್ದಕ್ಕೆ ನೀವು ನಗಬೇಕು.

ಉಣ್ಣುವ ಮೊದಲು ಒಬ್ಬ ಮುದುಕ ಹಮಾಲ ನಿಮಗಾಗಿ ದುವಾ ಮಾಡಲು ಕೈ ಎತ್ತಿದ. ಸಾವಂತ್ರೆವ್ವ ಕೈಮುಗಿದು ಕಣ್ಣು ಮುಚ್ಚಿದಳು. ನಾನು ಕೈ ಎತ್ತಲಿಲ್ಲ. ಅವರು ಮುಗಿಸುವವರೆಗೆ ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ಆಮೇಲೆ ಬಡಿಸಿದೆ.

ಸಾವಂತ್ರೆವ್ವ ಕೇಳಿದಳು, "ಯಾವ ಹಬ್ಬದ ಊಟಾ ಬೇ ಇದು?" ಹಬ್ಬವಲ್ಲ, ನಮ್ಮ ಅಬ್ಬಾ ನನ್ನ ಜೊತೆ ಮಾತಾಡಿದರು ಎಂದೆ. "ಅಷ್ಟಕ್ಕ?" ಎಂದಳು. ಹೌದು, ಅಷ್ಟಕ್ಕೆ ಎಂದೆ. ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.

ರಾತ್ರಿಯ ಅಡುಗೆಗೆ ಬೇಳೆ ಬೇಯಿಸಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಬುಶ್ರಾ


ದವಾಖಾನಿ
4 ನವೆಂಬರ್ 2025

ಅಸ್ಸಲಾಮು ಅಲೈಕುಂ ಮಗಳ.

ಮಲಕೊಂಡು ಬರಿಯಾಕತ್ತೇನಿ, ಅಕ್ಷರ ಸೊಟ್ಟ ಆದ್ರ ನಗಬ್ಯಾಡ. ಕುತ್ತಿಗಿ ಉರೀತೈತಿ, ಮೂಗಿನಾಗಿನ ನಳಿಗ್ಯಾಗ ಗಂಜಿ ಬಿಡ್ತಾರ. ಜೀವ ಐತಿ.

ನಿನ್ನೆ ಮೌಲಾನಾ ಸಾಹೇಬರು ನೋಡಾಕ ಬಂದಿದ್ರು, ನಿಮ್ಮಮ್ಮಿ ಹೊರಗ ನಿಂತು ಅವರನ್ನ ಒಳಗ ಕಳಿಸಿದ್ಳು. ಕಫಾರಾ ಆತು ಅಂತ ಬರದು ತೋರಿಸಿದೆ. ಎರಡು ಹೊತ್ತು ಹಾಕಿದ್ರೇನು ಅಂದ್ರು, ಹೂಂ ಅಂತ ತಲಿ ಹಾಕಿದೆ. ಮಾಶಾಅಲ್ಲಾ, ಯಾರು ಹಾಕಿದ್ರು ಅಂದ್ರು. ಮಗಳು ಅಂತ ಬರದೆ. ಅವರಿಗೆ ನಮ್ಮ ಕಥಿ ಎಲ್ಲಾ ಗೊತ್ತು. ಸ್ಟೂಲ್ ಹತ್ತಿರ ಎಳಕೊಂಡು ಕುಂತ್ರು. ಆಮ್ಯಾಲೆ ಮೆಲ್ಲಕ, "ಯಾವ ಮಗಳು ಗೂಡುಸಾಬ? ನಮಾಜ ಬಿಟ್ಟಾಕಿನಾ?" ಅಂದ್ರು.

"ನನಗ ಇರಾಕಿ ಒಬ್ಬಾಕಿನs ಮಗಳು" ಅಂತ ಬರದು ಅವರ ಕೈಯಾಗ ಕೊಟ್ಟೆ.

ಅಬ್ಬಾ